ಶ್ವೇತಾದ್ರಿಯ ಅಳಿದ ಪೋಡುಗಳು

ಅಳಿದುಹೋದ ಜನವಸತಿಗಳನ್ನು ಪುನಃ ಕಣ್ಣಮುಂದೆ ನಿಲ್ಲಿಸಬೇಕೆಂಬುದು ಚರಿತ್ರಕಾರರ ಚಿರಕಾಲದ ಅಭಿಲಾಷೆ. ಪೂರ್ವದಲ್ಲಿ ಲೇಖನಿಯಿಂದಲೂ ಕುಂಚದಿಂದಲೂ ಸಾಧಿಸುತ್ತಿದ್ದ ಈ ಕಾರ್ಯವನ್ನು ಈಗ ಗಣಕಯಂತ್ರವು ಕೈಕೊಂಡಿದೆ. ಭಾರತ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಆಶ್ರಯದಲ್ಲಿ ಹಂಪೆಯ ಶಿಲ್ಪಗಳನ್ನು ಲೇಸರ್ ಕಿರಣಗಳಿಂದ ಅಳೆದು, ಪರದೆಯ ಮೇಲೆ ಪ್ರೇಕ್ಷಕನು ಸಂಚರಿಸುವಂತೆ ಅವನ್ನು ಪುನಃ ರಚಿಸಿರುವರು. ಅಲ್ಲಿ ಕಲ್ಲು ಉಳಿದಿತ್ತು. ಯಂತ್ರಕ್ಕೆ ಅಳೆಯಲು ವಸ್ತುವಿತ್ತು.

ಬಿಳಿಗಿರಿರಂಗನ ಬೆಟ್ಟದಲ್ಲಿ ಇಂಥ ಅನುಕೂಲವಿಲ್ಲ. ಶಿಖರದ ಬಿಳಿಯ ಬಂಡೆಯ ಮೇಲಣ ರಂಗನಾಥನ ಗುಡಿಯನ್ನು ಅಳೆಯಬಹುದು. ಆದರೆ ಕುಸುಮಾಲೆಯನ್ನು ವರಿಸಿದ ಆ ದೇವನನ್ನು ಭಾವನೆಂದು ಕರೆಯುವ ಸೋಲಿಗರ ಪೋಡುಗಳು ಬಿದಿರು, ಮಣ್ಣು, ಹುಲ್ಲುಗಳಿಂದಾದುವು. ರಾಗಿಯ ಬೇಸಾಯಕ್ಕಾಗಿ ನೆಲವನ್ನು ಬದಲಿಸುತ್ತಿದ್ದ ಆ ಜನರು ಒಂದೆಡೆಯನ್ನು ಬಿಟ್ಟರೆ ಕೆಲವೇ ಮಳೆಗಾಲಗಳಲ್ಲಿ ಕಾಡು ಅದನ್ನು ಮುಚ್ಚಿಕೊಳ್ಳುತ್ತಿತ್ತು. 1974ರಲ್ಲಿ ಈ ಅರಣ್ಯವು ವನ್ಯಜೀವಿಧಾಮವಾದ ಮೇಲೆ ಬೇಸಾಯವು ನಿಂತಿತು; ಅನೇಕ ಪೋಡುಗಳು ಒಳಗಾಡಿನಿಂದ ಹೊರಬಂದುವು. ತರಗೆಲೆಗೆ ಹಚ್ಚುತ್ತಿದ್ದ ಬೆಂಕಿಯು ನಿಂತುದರಿಂದಲೇ ಲಂಟಾನವು ಹಬ್ಬಿತೆಂದು ಹಿರಿಯರು ಹೇಳುವರು. ಹಳೆಯ ನೆಲೆಗಳು ಅದರ ಕೆಳಗಿವೆ.

ಹಾಗಾದರೆ ಇಲ್ಲಿ ಶಾಸನವಾವುದು? ಹಿರಿಯರ ಸ್ಮರಣೆಯೇ ಶಾಸನ. ಪ್ರತಿಯೊಂದು ಕುಲಕ್ಕೂ ಕಾಡಿನಲ್ಲಿ ತನ್ನ ಎಲ್ಲೆಯುಂಟು. ಅದರೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪೂಜ್ಯಸ್ಥಾನಗಳುಂಟು. ಈ ಶತಮಾನದ ಮೊದಲ ದಶಕದಲ್ಲಿ ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಸೋಲಿಗರೊಡನೆ ನಡೆದು, ಉಪಗ್ರಹದ ಸಹಾಯದಿಂದ ಇಂಥ ಸುಮಾರು 500 ಸ್ಥಾನಗಳನ್ನು ನಕಾಶೆಯಲ್ಲಿ ಗುರುತಿಸಿದರು. ಯಂತ್ರವು ಅಕ್ಷಾಂಶ ರೇಖಾಂಶಗಳನ್ನು ಕೊಟ್ಟಿತು. ದಾರಿಯನ್ನೂ ಹೆಸರನ್ನೂ ಕೊಟ್ಟವರು ಮುದುಕರು.

ಇದು ಕೇವಲ ಕುತೂಹಲದ ಮಾತಲ್ಲ. 2006ರ ಅರಣ್ಯ ಹಕ್ಕು ಕಾನೂನಿನ ನಿಯಮಗಳು ಪವಿತ್ರವೃಕ್ಷ, ಸ್ಮಶಾನ, ಹಳೆಯ ಕಟ್ಟಡಗಳ ಅವಶೇಷ, ಹಿರಿಯರ ಲಿಖಿತ ಹೇಳಿಕೆ ಇವನ್ನು ಸಾಕ್ಷ್ಯವೆಂದು ಅಂಗೀಕರಿಸುತ್ತವೆ. 2011ರಲ್ಲಿ ಬೆಟ್ಟವು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಅದೇ ವರ್ಷ ಸೋಲಿಗರ ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕೂ ದೊರೆಯಿತು. ಒಂದು ಪೋಡು ಇಲ್ಲಿತ್ತೆಂಬ ಮಾತಿಗೆ ಇಷ್ಟು ತೂಕವುಂಟು.

ಆದುದರಿಂದ ಅಳಿದ ಪೋಡನ್ನು ಪರದೆಯ ಮೇಲೆ ಕಟ್ಟಹೊರಡುವವರು ಹಂಪೆಯ ಶಿಲ್ಪಿಗಿಂತ ಹೆಚ್ಚು ಎಚ್ಚರದಿಂದಿರಬೇಕು. ಕಲ್ಲಿನ ನಗರವನ್ನು ತಪ್ಪಾಗಿ ಚಿತ್ರಿಸಿದರೆ ಉಳಿದ ಕಂಬವೇ ಆ ತಪ್ಪನ್ನು ತೋರಿಸಿಕೊಡುವುದು. ಹುಲ್ಲಿನ ಗುಡಿಸಲನ್ನು ತಪ್ಪಾಗಿ ಚಿತ್ರಿಸಿದರೆ ಪ್ರತಿವಾದ ಹೇಳಲು ನೆಲದಲ್ಲಿ ಏನೂ ಇರದು. ಸುಂದರವಾದ ಸುಳ್ಳೇ ಚರಿತ್ರೆಯಾಗಿ ನಿಲ್ಲುವುದು. ಹಿರಿಯರು ಹೇಳಿದಷ್ಟನ್ನು ಬರೆದು, ಹೇಳದುದನ್ನು ಬರಿದಾಗಿ ಬಿಡುವುದೇ ಧರ್ಮ.

1974ರಲ್ಲಿ ತರುಣರಾಗಿದ್ದವರು ಈಗ ಎಪ್ಪತ್ತರ ಆಚೆಗಿದ್ದಾರೆ. ಯಂತ್ರಗಳು ವರ್ಷೇ ವರ್ಷೇ ಉತ್ತಮವಾಗುವುವು, ಅವುಗಳಿಗಾಗಿ ಕಾಯಬಹುದು, ಸಾಕ್ಷಿಗಳಿಗಾಗಿ ಕಾಯುವಂತಿಲ್ಲ.