ಹಬ್ಬ ಮುಗಿದ ಮೇಲೆ ಬಂದ ಪಾರ್ಸೆಲ್ (ಭಾಗ 3)

ಹ್ವಾಯ್, ಒಂದ್ಸಲ ಯೋಚನೆ ಮಾಡಿ ಕಾಣಿ. ಜನವರಿಯ ಸಾಲಿಗ್ರಾಮ ಹಬ್ಬಕ್ಕೆ ಹಾಕ್ಲಿಕ್ಕೆ ಅಂತ ಆ್ಯಪ್‌ನಲ್ಲಿ ಅಂಗಿ ತರಿಸಿದ್ರಿ. ದುಡ್ಡು ಮೊದಲೇ ಕೊಟ್ಟಾಗಿದೆ. "12ನೇ ತಾರೀಕಿಗೆ ಬರ್ತದೆ" ಅಂತ ತೋರಿಸ್ತಿತ್ತು. ತೇರು ಎಳೆದಾಯ್ತು, ಅಂಗಡಿ ಸಾಲೂ ಬಿಚ್ಚಿದ್ರು, ಆಮೇಲೆ ಪಾರ್ಸೆಲ್ ಬಂತು. ವಾಪಸ್ ತಗೊಳ್ಳಿ ಅಂದ್ರೆ "ಅಂಗಿಯಲ್ಲಿ ದೋಷ ಇಲ್ವಲ್ಲ" ಅನ್ನುವ ಉತ್ತರ. ಸುಮ್ಮನಿರ್ಬೇಕಾ?

ಬೇಡ. ತಡ ಮಾಡಿದವನಿಗೆ ಕಾನೂನು ಕೊಟ್ಟ ಉತ್ತರ 1872ರಷ್ಟು ಹಳೇದು. ಆ ವರ್ಷದ ಕರಾರು ಕಾಯ್ದೆಯ 55ನೇ ಕಲಂ ಪ್ರಕಾರ, ಸಮಯವೇ ಮುಖ್ಯ ಅಂತ ಮಾಡಿಕೊಂಡ ಕರಾರಿನಲ್ಲಿ ಒಬ್ಬ ಹೊತ್ತು ತಪ್ಪಿಸಿದ್ರೆ ಇನ್ನೊಬ್ಬ ಕರಾರನ್ನೇ ರದ್ದು ಮಾಡಬಹುದು. 1930ರ ಸರಕು ಮಾರಾಟ ಕಾಯ್ದೆ ಇನ್ನೊಂದು ಹೇಳಿತು: ಕಳಿಸಿಕೊಡುವ ಹೊಣೆ ಹೊತ್ತವನು ತಾರೀಕು ಹೇಳದಿದ್ರೂ ಯುಕ್ತ ಸಮಯದೊಳಗೆ ಕಳಿಸ್ಲೇಬೇಕು. ಹಕ್ಕೇನೋ ಇತ್ತು. ಆದ್ರೆ ಒಂದು ಅಂಗಿಗೋಸ್ಕರ ಸಿವಿಲ್ ಕೋರ್ಟಿಗೆ ಯಾರು ಹೋಗ್ತಾರೆ ಮರ್ರೆ? ವಕೀಲರ ಫೀಸೇ ಜಾಸ್ತಿ.

ಇಲ್ಲಿಗೆ ನಮ್ಮ ಕಡೆಯ ಕಥೆ ಬರ್ತದೆ. ಬಸ್ರೂರು ಗೊತ್ತಲ್ಲ? ಪೋರ್ಚುಗೀಸರು ಅಕ್ಕಿಗಾಗಿ ಕಣ್ಣಿಟ್ಟಿದ್ದ, 1665ರಲ್ಲಿ ಶಿವಾಜಿ ಲೂಟಿ ಮಾಡಿದ ಹಳೇ ಬಂದರು. ಅದೇ ಬಸ್ರೂರಿನ ಹೆಸರಲ್ಲಿ 1980ರ ದಶಕದಲ್ಲಿ ಬಳಕೆದಾರರ ವೇದಿಕೆ ಕೆಲಸ ಮಾಡ್ತಿತ್ತು. ಮಣಿಪಾಲದಲ್ಲಿ ಔಷಧ ವಿಜ್ಞಾನ ಕಲಿಸ್ತಿದ್ದ ಡಾ. ರವೀಂದ್ರನಾಥ ಶಾನುಭಾಗ್ ಅದರ ಮುಂದಾಳು. ಮೊದಲು ಪತ್ರ, ಮಾತುಕತೆ, ಕೋರ್ಟು ಆಮೇಲೆ. ನನಗೆ "ಗ್ರಾಹಕ"ನಿಗಿಂತ ಅವರ "ಬಳಕೆದಾರ" ಅನ್ನುವ ಶಬ್ದವೇ ಇಷ್ಟ. ಅಪ್ಪ ದುಡ್ಡು ಕೊಟ್ಟ ಫೋನನ್ನು ಅವರ ಒಪ್ಪಿಗೆಯಲ್ಲಿ ಬಳಸುವ ನೀವೂ ಕಾನೂನಿನ ಲೆಕ್ಕದಲ್ಲಿ ಗ್ರಾಹಕರೇ.

1986ರ ಡಿಸೆಂಬರ್ 24ಕ್ಕೆ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಜಿಲ್ಲೆ ಜಿಲ್ಲೆಗೆ ಗ್ರಾಹಕರದ್ದೇ ನ್ಯಾಯಾಲಯ ಬಂತು. ಆದ್ರೂ ಮಾರಿದವನು ದೂರದ ಊರಿನಲ್ಲಿದ್ರೆ, ದೂರು ಎಲ್ಲಿ ಕೊಡುವುದು ಅನ್ನುವುದೇ ಒಂದು ಜಗಳ ಆಗ್ತಿತ್ತು. 2019ರ ಹೊಸ ಕಾಯ್ದೆ (ಜಾರಿಗೆ ಬಂದದ್ದು 2020ರ ಜುಲೈ 20) ಅದನ್ನು ಮುಗಿಸಿತು: ನೀವು ವಾಸ ಇರುವ ಜಾಗದಲ್ಲೇ ದೂರು ಕೊಡಬಹುದು. ಅಂದ್ರೆ ಕಂಪನಿ ಎಲ್ಲೇ ಇರಲಿ, ಸಾಲಿಗ್ರಾಮದವರಿಗೆ ಉಡುಪಿಯ ಜಿಲ್ಲಾ ಆಯೋಗ ಸಾಕು.

ಅದೇ ತಿಂಗಳು ಇ-ವಾಣಿಜ್ಯ ನಿಯಮಗಳೂ ಬಂದವು. ನಿಮ್ಮ ಅಂಗಿಯ ವಿಷಯ ಇರುವುದು ಇದರಲ್ಲೇ. ಹೇಳಿದ ತಾರೀಕಿಗಿಂತ ತಡವಾಗಿ ಬಂದ ಮಾಲನ್ನು ವಾಪಸ್ ತಗೊಳ್ಳಲ್ಲ, ದುಡ್ಡು ಕೊಡಲ್ಲ ಅಂತ ಮಾರುವವನು ಹೇಳುವಂತಿಲ್ಲ. ದೋಷ ಇರಲೇಬೇಕು ಅಂತಿಲ್ಲ, ತಡವೇ ಸಾಕು. ಒಂದೇ ವಿನಾಯಿತಿ: ನೆರೆ ಥರದ, ಕೈಮೀರಿದ ಕಾರಣ. ಜುಲೈನಲ್ಲಾದ್ರೆ ನಮ್ಮೂರಲ್ಲಿ ಅದನ್ನು ನಂಬಬಹುದು, ಜನವರಿಯಲ್ಲಿ ಮಳೆ ನೆಪ ಹೇಳ್ಲಿಕ್ಕಾಗುದಿಲ್ಲ.

ಮೊದಲು ಆ್ಯಪಿನ ಕುಂದುಕೊರತೆ ಅಧಿಕಾರಿಗೆ ಬರೀರಿ. 48 ಗಂಟೆಯೊಳಗೆ ದೂರು ಮುಟ್ಟಿದೆ ಅಂತ ಹೇಳ್ಬೇಕು, ಒಂದು ತಿಂಗಳೊಳಗೆ ಬಗೆಹರಿಸ್ಬೇಕು. ಆಗ್ಲಿಲ್ವಾ, 1915ಕ್ಕೆ ಫೋನ್ ಮಾಡಿ. ಅದಕ್ಕೂ ಬಗ್ಗದಿದ್ರೆ ಆಯೋಗ. 5 ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ, ದೂರು ಕೊಡಲು 2 ವರ್ಷ ಟೈಮಿದೆ.

ಆದ್ರೆ ಆರ್ಡರ್ ಮಾಡಿದ ದಿನವೇ ಆ "12ನೇ ತಾರೀಕು" ಸ್ಕ್ರೀನ್‌ಶಾಟ್ ತೆಗೆದಿಡಿ. ಆಮೇಲೆ ನೋಡಿದ್ರೆ ಅಲ್ಲಿ 19 ಅಂತ ಇರ್ತದೆ.

ಮುಂದಿನ ಭಾಗ: ಬಸ್ರೂರಿನ ಅಕ್ಕಿ ಮತ್ತು ಪೋರ್ಚುಗೀಸರು.

#ಸಾಲಿಗ್ರಾಮ #ಬಸ್ರೂರು #ಬಳಕೆದಾರ