ಕುರ್ಚಿ ಅಸಲಿ, ನೆನಪು ಯಾರದು?

ನ್ಯೂಯಾರ್ಕಿನ ಷೇ ಸ್ಟೇಡಿಯಂ 1964ರಿಂದ ಮೆಟ್ಸ್ ಬೇಸ್‌ಬಾಲ್ ತಂಡದ ತವರಾಗಿತ್ತು. 2008ರ ಸೆಪ್ಟೆಂಬರ್ 28ರಂದು ಅಲ್ಲಿ ಕೊನೆಯ ಪಂದ್ಯ ನಡೆಯಿತು. ಕಟ್ಟಡ ಕೆಡವುವ ಮುನ್ನ ಕುರ್ಚಿಗಳನ್ನು ಕಳಚಿ ಅಭಿಮಾನಿಗಳಿಗೆ ಮಾರಲಾಯಿತು. ಜೋಡಿಯ ಬೆಲೆ 869 ಡಾಲರ್. ತಂಡ ವಿಶ್ವ ಸರಣಿ ಗೆದ್ದ 1986 ಮತ್ತು 1969ನೇ ಇಸವಿಗಳನ್ನು ಆ ಅಂಕಿ ನೆನಪಿಸುತ್ತಿತ್ತು.

ಹಳೆಯ ಪ್ಲಾಸ್ಟಿಕ್ ಕುರ್ಚಿಗೆ ಇಷ್ಟು ಬೆಲೆ ಬಂದರೆ ನಕಲಿಯೂ ಬೆನ್ನಿಗೇ ಬರುತ್ತದೆ. 1990ರ ದಶಕದಲ್ಲಿ ಆಟಗಾರರ ಸುಳ್ಳು ಸಹಿಗಳ ದಂಧೆ ಬೆಳೆದು ಎಫ್‌ಬಿಐ ತನಿಖೆಗಿಳಿಯಬೇಕಾಯಿತು. ಹೀಗಾಗಿ ಮೇಜರ್ ಲೀಗ್ ಬೇಸ್‌ಬಾಲ್ ಸಂಸ್ಥೆ 2001ರಲ್ಲಿ ದೃಢೀಕರಣ ವ್ಯವಸ್ಥೆ ತಂದಿತು. ಕಣ್ಣಾರೆ ಕಂಡದ್ದಕ್ಕೆ ಮಾತ್ರ ಸಾಕ್ಷಿ ಎಂಬುದೇ ಅದರ ಸೂತ್ರ. ಎದುರಿಗಿದ್ದು ನೋಡಿದ ಪರಿಶೀಲಕರು ವಸ್ತುವಿಗೆ ಹೊಲೊಗ್ರಾಮ್ ಚೀಟಿ ಅಂಟಿಸುತ್ತಾರೆ. ಇವರಲ್ಲಿ ಅನೇಕರು ಪೊಲೀಸ್ ಇಲಾಖೆಯಲ್ಲಿ ದುಡಿದವರು. ಚೀಟಿಯ ಸಂಖ್ಯೆಯನ್ನು ಕೊಂಡವರು ದಾಖಲೆಯೊಡನೆ ತಾಳೆ ನೋಡಬಹುದು.

ಆದರೆ 1969ರ ಗೆಲುವನ್ನು ಜನ ನೋಡಿದ್ದು ಮರದ ಕುರ್ಚಿಗಳಲ್ಲಿ ಕೂತು. ಪ್ಲಾಸ್ಟಿಕ್ ಕುರ್ಚಿಗಳು ಬಂದದ್ದು 1980ರ ಹೊತ್ತಿಗೆ. ಕುರ್ಚಿ ಎಲ್ಲಿಯದೆಂದು ಚೀಟಿ ಹೇಳಬಲ್ಲದು. ಅದು ಕಾಣದ ಗೆಲುವನ್ನು ಅದರ ಮೇಲೆ ಕೂರಿಸುವವನು ಅಭಿಮಾನಿಯೇ.