ಲಂಡನ್–ಪ್ಯಾರಿಸ್ ವಾಯುಮಾರ್ಗ: ದೂರ ಮತ್ತು ಕಾಲ

ಲಂಡನ್ ಮತ್ತು ಪ್ಯಾರಿಸ್ ನಗರಗಳ ನಡುವಿನ ಮಹಾವೃತ್ತ ದೂರ, ಅಂದರೆ ಭೂಗೋಳದ ಮೇಲ್ಮೈಯಲ್ಲಿ ಎರಡು ಬಿಂದುಗಳನ್ನು ಕೂಡಿಸುವ ಅತ್ಯಂತ ಕಿರಿದಾದ ಹಾದಿಯ ಅಳತೆ, ಸುಮಾರು 340 ಕಿಲೋಮೀಟರ್. 1919ರ ಆಗಸ್ಟ್ 25ರಂದು ಹೌನ್ಸ್ಲೋ ಹೀತ್ ಮೈದಾನದಿಂದ ಪ್ಯಾರಿಸ್ಸಿನ ಲ ಬುರ್ಜೆಗೆ ದೈನಂದಿನ ವಿಮಾನಸೇವೆ ಆರಂಭವಾದಾಗ, ಯುದ್ಧಕಾಲದ ಬಾಂಬರನ್ನು ಮಾರ್ಪಡಿಸಿ ರೂಪಿಸಿದ್ದ ಡಿ ಹ್ಯಾವಿಲೆಂಡ್ ವಿಮಾನವು ಒಬ್ಬ ಪ್ರಯಾಣಿಕನನ್ನೂ ಕೆಲವು ಸರಕುಗಳನ್ನೂ ಹೊತ್ತು ಸುಮಾರು ಎರಡೂವರೆ ಗಂಟೆಗಳಲ್ಲಿ ಈ ದೂರವನ್ನು ಕ್ರಮಿಸಿತು.

ಆದರೆ ಅಂದಿನ ಹಾರಾಟ ನೇರ ರೇಖೆಯನ್ನು ಅನುಸರಿಸುತ್ತಿರಲಿಲ್ಲ; ದಿಕ್ಕು ತೋರುವ ರೇಡಿಯೊ ವ್ಯವಸ್ಥೆ ಇನ್ನೂ ಬೆಳೆದಿರದ ಕಾರಣ ಚಾಲಕರು ನೆಲದ ಮೇಲಿನ ರಸ್ತೆ ಮತ್ತು ರೈಲುಹಳಿಗಳನ್ನು ನೋಡಿಕೊಂಡೇ ಸಾಗುತ್ತಿದ್ದರು, ಮಂಜು ಕವಿದಾಗ ಇನ್ನಷ್ಟು ಕೆಳಗಿಳಿಯುತ್ತಿದ್ದರು. 1922ರ ಏಪ್ರಿಲ್ 7ರಂದು ಪಿಕಾರ್ಡಿ ಪ್ರದೇಶದ ಮೇಲೆ ಮಂಜಿನಲ್ಲಿ ಎದುರುಬದುರಾಗಿ ಬಂದ ಎರಡು ವಿಮಾನಗಳು ಡಿಕ್ಕಿಯಾಗಿ ಏಳು ಜನರು ಸತ್ತರು. ಈ ಮಾರ್ಗದ ಇತಿಹಾಸದಲ್ಲಿ ಯಾವ ವೇಗದಾಖಲೆಗಿಂತಲೂ ಹೆಚ್ಚು ಮಹತ್ವದ ಘಟನೆಯಿದು, ಏಕೆಂದರೆ ನಿಗದಿತ ವಾಯುಪಥಗಳ ಅಗತ್ಯವನ್ನು ಇದು ಮನಗಾಣಿಸಿತು.

1931ರ ಹ್ಯಾಂಡ್ಲಿ ಪೇಜ್ ವಿಮಾನಗಳು ವೇಗಕ್ಕಿಂತ ಸೌಕರ್ಯಕ್ಕೆ ಒತ್ತು ಕೊಟ್ಟಿದ್ದರಿಂದ ಪ್ರಯಾಣವು ಎರಡು ಗಂಟೆಗೂ ಮೀರಿಯೇ ಉಳಿಯಿತು. ಇಂದು ಜೆಟ್ ವಿಮಾನವು ಆಕಾಶದಲ್ಲಿರುವುದು ಒಂದು ಗಂಟೆಯಷ್ಟೇ. ವೇಳಾಪಟ್ಟಿಯು ಅದಕ್ಕಿಂತ ಹೆಚ್ಚು ತೋರಿಸುವುದಕ್ಕೆ ಕಾರಣ, ನಿಲುಗಡೆಯಿಂದ ಹೊರಟು ಮತ್ತೊಂದು ನಿಲುಗಡೆ ಸೇರುವವರೆಗೆ ನೆಲದ ಮೇಲೆ ಚಲಿಸುವ ಅವಧಿಯೂ ಅದರಲ್ಲಿ ಸೇರಿರುವುದು.